ಮುಖಪುಟದ ಎಂಟು ಅಂಕಿ

ನಮ್ಮ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಕಾಲೇಜು ಅಧ್ಯಾಪಕರು ಲೇಖನ ಕಳಿಸುವ ಮೊದಲು ಈಚೆಗೆ ತಪ್ಪದೆ ಕೇಳುವ ಪ್ರಶ್ನೆ ಒಂದೇ: ‘ನಿಮ್ಮ ಪತ್ರಿಕೆಗೆ ಐಎಸ್ಎಸ್ಎನ್ ಇದೆಯಾ ಸರ್?’ ಬಡ್ತಿಗೆ, ಸಂಶೋಧನೆಯ ಅಂಕಗಳಿಗೆ ಆ ನಂಬರು ಬೇಕು, ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಆ ಎಂಟು ಅಂಕಿಗಳ ನಿಜವಾದ ಕೆಲಸ ಬೇರೆಯೇ ಇದೆ: ಇದು ಇಂಥದೇ ಪತ್ರಿಕೆ ಎಂದು ಗುರುತಿಸುವುದು. ನಮ್ಮಂಥ ಗಡಿಸೀಮೆಯ ಓದುಗರಿಗೆ ಅದು ಹೆಚ್ಚು ಮುಖ್ಯ ಎಂದು ನಂಬಿರುವುದರಿಂದ ಈ ಸಲದ ಮಾತನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಬಂಡೆಯ ಮೇಲೆ ಬ್ರಾಹ್ಮಿ ಲಿಪಿಯ ಶಾಸನ ಕಂಡರು. ಅಲ್ಲಿಯವರೆಗೆ ದೇಶದ ಉದ್ದಗಲಕ್ಕೂ ಸಿಕ್ಕ ಶಾಸನಗಳಲ್ಲಿ ದೊರೆ ತನ್ನನ್ನು ಕರೆದುಕೊಂಡದ್ದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದಷ್ಟೇ. ಆತ ಅಶೋಕನೇ ಇರಬೇಕೆಂದು ಸಿಂಹಳದ ಗ್ರಂಥಗಳ ಬಲದಿಂದ ವಿದ್ವಾಂಸರು ಹೇಳುತ್ತಿದ್ದರು. ಬಿರುದಿನ ಪಕ್ಕದಲ್ಲೇ ಅಶೋಕ ಎಂಬ ಹೆಸರನ್ನು ಕೊಟ್ಟು ಆ ಮಾತನ್ನು ಗಟ್ಟಿ ಮಾಡಿದ್ದು ನಮ್ಮ ಮಸ್ಕಿಯ ಕಲ್ಲು. ಹಾಗೆ ಹೆಸರು ಗಟ್ಟಿಯಾಗುವ ಭಾಗ್ಯ ಕನ್ನಡದ ಎಷ್ಟೋ ಪತ್ರಿಕೆಗಳಿಗೆ ಇನ್ನೂ ಬಂದಿಲ್ಲ. ಒಂದೇ ಹೆಸರಿನ ಎರಡು ಪತ್ರಿಕೆ ಎರಡು ಊರಲ್ಲಿ ಹುಟ್ಟುತ್ತವೆ. ಒಂದೇ ಪತ್ರಿಕೆ ಊರು ಬದಲಿಸಿ ಹೆಸರೂ ಬದಲಿಸುತ್ತದೆ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ ಮರುವರ್ಷವೇ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಅಂದರೆ ಕನ್ನಡ ಪತ್ರಿಕೋದ್ಯಮದ ಮೊದಲ ಹೆಜ್ಜೆಯಲ್ಲೇ ಈ ಗೋಜಲು ಇತ್ತು.

ಹಳೆಯ ಸಂಚಿಕೆಯೊಂದನ್ನು ಕೈಗೆತ್ತಿಕೊಂಡರೆ ಮುಖಪುಟದಲ್ಲೋ ಮುದ್ರಕರ ವಿವರವಿರುವ ಪುಟದಲ್ಲೋ ಎರಡು ಮೂರು ಸಂಖ್ಯೆಗಳು ಕಾಣುತ್ತವೆ, ಓದುಗರು ಗೊಂದಲಕ್ಕೆ ಬೀಳುವುದು ಇಲ್ಲೇ. ಆರ್.ಎನ್.ಐ. ಎಂದಿರುವುದು ಸರ್ಕಾರದ ನೋಂದಣಿ. ಆ ನೋಂದಣಿ ಮಾಡುವ ಕಚೇರಿ ಶುರುವಾದದ್ದು 1956ರ ಜುಲೈ 1ರಂದು. ಪತ್ರಿಕೆಗಳ ನೋಂದಣಿಯ 1867ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2023ರ ಹೊಸ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಈಗಿನ ನೋಂದಣಿ ಸಂಖ್ಯೆಗಳಲ್ಲಿ ಮೊದಲು ರಾಜ್ಯದ ಗುರುತು, ಆಮೇಲೆ ಭಾಷೆಯ ಗುರುತು, ಬಳಿಕ ಇಸವಿ ಬರುತ್ತವೆ. ಅಂಚೆ ನೋಂದಣಿಯ ಸಂಖ್ಯೆ ರಿಯಾಯಿತಿ ದರದ ರವಾನೆಗೆ ಮಾತ್ರ, ಪತ್ರಿಕೆ ಹುಡುಕಲು ಅದು ಹೆಚ್ಚು ನೆರವಾಗದು.

ನಡುವೆ ಒಂದು ಅಡ್ಡಗೆರೆಯಿಟ್ಟು ನಾಲ್ಕು ನಾಲ್ಕಾಗಿ ಬರೆದ ಎಂಟು ಅಂಕಿಗಳೇ ಐಎಸ್ಎಸ್ಎನ್. ಇದರ ಅಂತರರಾಷ್ಟ್ರೀಯ ಕೇಂದ್ರ ಪ್ಯಾರಿಸ್ಸಿನಲ್ಲಿದೆ. ಭಾರತದ ಪತ್ರಿಕೆಗಳಿಗೆ ಇದನ್ನು ಕೊಡುವುದು ದೆಹಲಿಯ ರಾಷ್ಟ್ರೀಯ ಕೇಂದ್ರ. ಮೊದಲು ಇನ್ಸ್‌ಡಾಕ್, ಆಮೇಲೆ ನಿಸ್ಕೇರ್ ಆಗಿದ್ದ ಸಿಎಸ್ಐಆರ್ ಸಂಸ್ಥೆ 2021ರಿಂದ ಎನ್ಐಎಸ್‌ಸಿಪಿಆರ್ ಎಂಬ ಹೆಸರಿನಲ್ಲಿ ಈ ಕೆಲಸ ಮಾಡುತ್ತಿದೆ. ಇದಕ್ಕೆ ಶುಲ್ಕವಿಲ್ಲ. ಹಣ ತೆಗೆದುಕೊಂಡು ‘ಐಎಸ್ಎಸ್ಎನ್ ಇರುವ ಜರ್ನಲ್ಲಿನಲ್ಲಿ’ ಅಚ್ಚು ಹಾಕಿಸುತ್ತೇವೆ ಎನ್ನುವವರ ಮಾತಿಗೆ ನಮ್ಮ ತರುಣ ಅಧ್ಯಾಪಕರು ಮರುಳಾಗಬಾರದು. ಆ ಸಂಖ್ಯೆ ಪತ್ರಿಕೆ ಯಾವುದೆಂದು ಹೇಳುತ್ತದೆ, ಒಳಗಿನ ಬರಹ ಒಳ್ಳೆಯದೆಂದು ಹೇಳುವುದಿಲ್ಲ. ಬರಹದ ತೂಕ ನೋಡುವ ಹೊಣೆ ಸಂಪಾದಕನದು, ಓದುಗನದು.

ಸಂಖ್ಯೆ ಸರಿಯಿದೆಯೇ ಎಂದು ಯಾರಾದರೂ ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು. ಮುಂಬೈಯ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯ ಸಂಖ್ಯೆ 0012-9976. ಮೊದಲ ಏಳು ಅಂಕಿಗಳನ್ನು ಸಾಲಾಗಿ 8, 7, 6, 5, 4, 3, 2ರಿಂದ ಗುಣಿಸಿ ಕೂಡಿದರೆ 93. 11ರಿಂದ ಭಾಗಿಸಿದರೆ 5 ಉಳಿಯುತ್ತದೆ. 11ರಲ್ಲಿ 5 ಕಳೆದರೆ 6, ಅದೇ ಎಂಟನೆಯ ಅಂಕಿ. ಉತ್ತರ 10 ಬಂದರೆ ಎಕ್ಸ್ ಎಂಬ ಅಕ್ಷರ ಹಾಕುತ್ತಾರೆ. ಮೊಳೆ ಜೋಡಿಸುವಾಗ ಒಂದು ಅಂಕಿ ಅದಲುಬದಲಾಗಿದ್ದರೂ ಈ ಲೆಕ್ಕದಲ್ಲಿ ಸಿಕ್ಕಿಬೀಳುತ್ತದೆ. ಪತ್ರಿಕೆಯ ಹೆಸರು ಗಣನೀಯವಾಗಿ ಬದಲಾದರೆ ಹೊಸ ಸಂಖ್ಯೆ ಪಡೆಯಬೇಕು. ಅಚ್ಚಿನ ರೂಪಕ್ಕೂ ಅಂತರಜಾಲದ ರೂಪಕ್ಕೂ ಬೇರೆ ಬೇರೆ ಸಂಖ್ಯೆ.

ಪತ್ರಿಕೆಯೊಂದರ ಸಂಖ್ಯೆಯನ್ನು ಹುಡುಕುವಾಗ ಒಂದು ತೊಡಕು. ಐಎಸ್ಎಸ್ಎನ್ ಪೋರ್ಟಲ್ ಎಂಬ ಜಾಲತಾಣದಲ್ಲಿ ನಮ್ಮ ಪತ್ರಿಕೆಗಳ ಹೆಸರು ಸಾಮಾನ್ಯವಾಗಿ ರೋಮನ್ ಲಿಪಿಯಲ್ಲಿ ದಾಖಲಾಗಿರುತ್ತದೆ. ಕನ್ನಡದಲ್ಲಿ ಬರೆದು ಹುಡುಕಿ, ಸಿಗಲಿಲ್ಲವೆಂದು ಕೈಬಿಡಬೇಡಿ. ದೀರ್ಘ, ಒತ್ತು, ಮಹಾಪ್ರಾಣಗಳನ್ನು ಎರಡು ಮೂರು ಬಗೆಯಲ್ಲಿ ಬರೆದು ನೋಡಿ, ಪ್ರಕಟವಾದ ಊರಿನ ಹೆಸರನ್ನೂ ಸೇರಿಸಿ. ಸಂಚಿಕೆಯ ಮೇಲೆ ಬಾರ್‌ಕೋಡ್ ಇದ್ದು ಅದು 977ರಿಂದ ಶುರುವಾದರೆ, ಮುಂದಿನ ಏಳು ಅಂಕಿಗಳು ಐಎಸ್ಎಸ್ಎನ್‌ನ ಮೊದಲ ಏಳು.

ನಮ್ಮ ಸೀಮೆಯ ಆರ್.ಎಚ್. ಕ್ಯಾಂಪುಗಳನ್ನು ನೆನೆದಾಗ ಈ ವಿಷಯ ನನಗೆ ಇನ್ನಷ್ಟು ಹತ್ತಿರದ್ದಾಗುತ್ತದೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಪುನರ್ವಸತಿ ಕಲ್ಪಿಸಿದ ಊರುಗಳಿವು. ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ. ಇಲ್ಲಿಂದ ನಾಳೆ ಬಂಗಾಳಿಯಲ್ಲೊಂದು ಪತ್ರಿಕೆ ಹೊರಟು ನೋಂದಣಿಯಾದರೆ, ಅದರ ಸಂಖ್ಯೆಯಲ್ಲಿ ರಾಜ್ಯದ ಗುರುತು ಕರ್ನಾಟಕದ್ದು, ಭಾಷೆಯ ಗುರುತು ಬಂಗಾಳಿಯದು ಆಗುತ್ತದೆ. ಈ ಸೀಮೆಯ ನಿಜಸ್ಥಿತಿಯೂ ಅದೇ ಅಲ್ಲವೇ? ಈ ಕ್ಯಾಂಪಿನವರ ತಾಯ್ನುಡಿಯಲ್ಲಿ ಸಣ್ಣಪತ್ರಿಕೆಗಳ ಪ್ರೀತಿ ಬಹಳ ದೊಡ್ಡದು. ಕೋಲ್ಕತ್ತಾದಲ್ಲಿ ಸಂದೀಪ್ ದತ್ತ 1978ರಲ್ಲಿ ತಮ್ಮ ಮನೆಯಲ್ಲೇ ಸಣ್ಣಪತ್ರಿಕೆಗಳ ಗ್ರಂಥಾಲಯ ತೆರೆದು ಕೊನೆಯವರೆಗೂ ಅದನ್ನು ಸಾಕಿದರು. ಕನ್ನಡದ ‘ಸಾಕ್ಷಿ’, ‘ಸಂಕ್ರಮಣ’, ‘ರುಜುವಾತು’ಗಳ ಬಿಡಿ ಸಂಚಿಕೆಗಳಿಗಾಗಿ ಅಲೆಯುವ ನಮ್ಮ ಸಂಶೋಧಕರಿಗೆ ಅಂಥದ್ದೊಂದು ಮನೆ ಈ ಭಾಗದಲ್ಲೂ ಬೇಕು.

ದೊಡ್ಡ ಪತ್ರಿಕೆಗಳ ಚಿಂತೆ ನನಗಿಲ್ಲ. ‘ಖಾಸಗಿ ಪ್ರಸಾರಕ್ಕಾಗಿ ಮಾತ್ರ’ ಎಂದು ಅಚ್ಚಾಗಿ, ಯಾವ ಸಂಖ್ಯೆಯೂ ಇಲ್ಲದೆ ನಾಲ್ಕಾರು ಸಂಚಿಕೆ ಕಂಡು ನಿಂತುಹೋದವುಗಳ ಚಿಂತೆ ನನ್ನದು. ನಿಂತುಹೋದ ಪತ್ರಿಕೆಗೂ ಐಎಸ್ಎಸ್ಎನ್ ಕೊಡಲು ಪದ್ಧತಿಯಲ್ಲಿ ಅವಕಾಶವಿದೆ, ಆದರೆ ಅದು ಇತ್ತೆಂದು ತೋರಿಸಲು ಒಂದು ಪ್ರತಿಯಾದರೂ ಬೇಕು. ಆದ್ದರಿಂದ ಸಿಂಧನೂರು, ಲಿಂಗಸುಗೂರು, ಮಸ್ಕಿ, ಕ್ಯಾಂಪುಗಳ ಓದುಗರಲ್ಲಿ ಒಂದು ಕೋರಿಕೆ. ಮನೆಯಲ್ಲಿ, ಶಾಲೆಯಲ್ಲಿ, ಮಠದಲ್ಲಿ ಇಂಥ ಹಳೆಯ ಸಂಚಿಕೆಗಳಿದ್ದರೆ ಮುಖಪುಟದ ಮತ್ತು ಮುದ್ರಕರ ವಿವರವಿರುವ ಪುಟದ ಫೋಟೊ ತೆಗೆದು ನಮಗೆ ಕಳಿಸಿ. ಹೆಸರು, ಊರು, ಸಂಪುಟ, ಸಂಚಿಕೆ, ತಿಂಗಳು, ಇಸವಿ, ಅಚ್ಚಾದ ಮುದ್ರಣಾಲಯ ಇಷ್ಟನ್ನು ಬರೆಯಿರಿ. ಪತ್ರಿಕೆ ಬಂಗಾಳಿಯದಾದರೆ ಹೆಸರನ್ನು ಆ ಲಿಪಿಯಲ್ಲೇ ಬರೆದು ಪಕ್ಕದಲ್ಲಿ ಕನ್ನಡದಲ್ಲೂ ಬರೆಯಿರಿ. ಬಂದ ವಿವರಗಳನ್ನೆಲ್ಲ ಮುಂದಿನ ಸಂಚಿಕೆಯಿಂದ ಊರುವಾರು ಪಟ್ಟಿಯಾಗಿ ಅಚ್ಚು ಹಾಕುತ್ತೇವೆ.