ಗೆದ್ದವರಿಗೆ ಹಾರ, ಕಲಿಸುವವರಿಗೆ?

2025ರ ನವೆಂಬರ್ 24ರಂದು ಢಾಕಾದಲ್ಲಿ ಭಾರತದ ಮಹಿಳೆಯರು ಚೀನಾ ತೈಪೆಯನ್ನು 35–28ರಿಂದ ಮಣಿಸಿ ಕಬಡ್ಡಿ ವಿಶ್ವಕಪ್ಪನ್ನು ಉಳಿಸಿಕೊಂಡರು. ಆ ತಂಡದ ಮುಖ್ಯ ತರಬೇತುದಾರರು ನಮ್ಮ ಬೆಂಗಳೂರಿನ ತೇಜಸ್ವಿನಿ ಬಾಯಿ. ಗೆಲುವಿನ ಸುದ್ದಿ ಓದಿದ ಎಷ್ಟು ಮಂದಿಗೆ ಆ ಹೆಸರು ನೆನಪಿನಲ್ಲಿ ಉಳಿದಿದೆಯೋ ಹೇಳಲಾರೆ.

2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಮಹಿಳಾ ಕಬಡ್ಡಿಗೆ ಮೊದಲ ಬಾರಿ ಸ್ಥಾನ ದೊರೆತಾಗ ಚಿನ್ನ ಗೆದ್ದ ತಂಡದಲ್ಲಿ ತೇಜಸ್ವಿನಿ ಇದ್ದರು. 2011ರಲ್ಲಿ ಅರ್ಜುನ ಪ್ರಶಸ್ತಿ ಬಂತು. 2014ರ ಇಂಚಿಯಾನ್‌ನಲ್ಲಿ ಮತ್ತೆ ಚಿನ್ನ. ಅಂಕಣದೊಳಗಿದ್ದವರು ಅಂಕಣದ ಅಂಚಿಗೆ ಬಂದು ಕುಳಿತು, ಬೇರೆಯವರ ಉಸಿರಿನಲ್ಲಿ ತಮ್ಮ ಆಟವನ್ನು ಕಾಣುವುದು ಸುಲಭದ ಮಾತಲ್ಲ. ಒಳ್ಳೆಯ ಆಟಗಾರರೆಲ್ಲ ಒಳ್ಳೆಯ ಗುರುಗಳಾಗುವುದಿಲ್ಲ. ಆದರೆ ಆಗಬಲ್ಲವರಿಗೆ ನಾವು ಯಾವ ದಾರಿ ತೆರೆದಿಟ್ಟಿದ್ದೇವೆ ಎಂಬುದು ನನ್ನ ಪ್ರಶ್ನೆ.

ಪುರುಷರ ಕಬಡ್ಡಿಗೆ ಈಗ ಮಾರುಕಟ್ಟೆ ಇದೆ. 2001ರ ಅರ್ಜುನ ಪ್ರಶಸ್ತಿ ವಿಜೇತ, ನಮ್ಮವರೇ ಆದ ಬಿ.ಸಿ. ರಮೇಶ್ ಅವರ ತರಬೇತಿಯಲ್ಲಿ ಬೆಂಗಾಲ್ ವಾರಿಯರ್ಸ್ 2019ರಲ್ಲಿ, ಪುಣೇರಿ ಪಲ್ಟನ್ 2024ರಲ್ಲಿ ಪ್ರೊ ಕಬಡ್ಡಿ ಪ್ರಶಸ್ತಿ ಗೆದ್ದವು. 2014ರಲ್ಲಿ ಆರಂಭವಾದ ಈ ಲೀಗ್ ಆಟಗಾರರಿಗಷ್ಟೇ ಅಲ್ಲ, ನಿವೃತ್ತ ಆಟಗಾರರ ಅನುಭವಕ್ಕೂ ಬೆಲೆ ಕಟ್ಟಿತು. ಮಹಿಳೆಯರಿಗೆ ಅಂಥದೊಂದು ಲೀಗ್ ಬೇರೂರಲಿಲ್ಲ. 2016ರ ಪ್ರಯೋಗ ಒಂದೇ ವರ್ಷಕ್ಕೆ ನಿಂತಿತು. ಮಾರುಕಟ್ಟೆ ಕೈಚಾಚದ ಕಡೆ ಸರ್ಕಾರ ಕೈಚಾಚಬೇಕೆಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು.

ಸರ್ಕಾರ ಮಾಡುವುದೇನು? ಗೆದ್ದವರಿಗೆ ನಗದು ಬಹುಮಾನ ಘೋಷಿಸುತ್ತದೆ. 2025ರ ಜನವರಿಯಲ್ಲಿ ಖೊ ಖೊ ವಿಶ್ವಕಪ್ ಗೆದ್ದ ರಾಜ್ಯದ ಇಬ್ಬರು ಆಟಗಾರರು ತಲಾ ಐದು ಲಕ್ಷ ರೂಪಾಯಿಯನ್ನು ನಿರಾಕರಿಸಿ, ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೊಟ್ಟದ್ದನ್ನು ಎತ್ತಿ ತೋರಿಸಿದರು. ಅವರ ಬೇಸರ ನ್ಯಾಯವಾದುದೇ. ಆದರೂ ಐದು ಲಕ್ಷವೋ ಎರಡು ಕೋಟಿಯೋ ಎಂಬ ಚರ್ಚೆಯಲ್ಲಿ, ಮುಂದಿನ ಆಟಗಾರನನ್ನು ತಯಾರು ಮಾಡುವವರು ಯಾರು ಎಂಬ ಮಾತು ಮರೆಯಾಯಿತು.

ಸೇವೆಯಲ್ಲಿದ್ದಾಗ ಜೊಯಿಡಾ ತಾಲ್ಲೂಕಿನ ಅನಮೋಡಕ್ಕೆ ಕೆಲವು ಬಾರಿ ಹೋಗಿದ್ದೆ. ಗೋವಾ ಗಡಿಯ ಆ ಘಟ್ಟದ ಊರಿನಲ್ಲಿ ವಾಹನಗಳು ತನಿಖಾ ಠಾಣೆಯೆದುರು ಸಾಲುಗಟ್ಟಿ ನಿಂತಿದ್ದರೆ, ಅತ್ತ ಮಳೆ ಬಿಟ್ಟ ಕೆಂಪು ಮಣ್ಣಿನಲ್ಲಿ ಮಕ್ಕಳು ಕೋಲಿನಿಂದ ಗೆರೆ ಎಳೆದು ಕಬಡ್ಡಿ ಆಡುತ್ತಿದ್ದರು. ಕಬಡ್ಡಿಗೆ ಬೇಕಾದುದು ನೆಲ, ಉಸಿರು ಮತ್ತು ಏಳೇಳು ಜನ. ಅದು ಅಲ್ಲಿ ಧಾರಾಳವಾಗಿತ್ತು. ಇಲ್ಲದಿದ್ದುದು ‘ಕಾಲು ಹೀಗಿಡು’ ಎನ್ನುವ ಒಬ್ಬ ವ್ಯಕ್ತಿ. ಸ್ಪರ್ಧೆಗಳೆಲ್ಲ ಇಂದು ಮ್ಯಾಟ್ ಮೇಲೆ ನಡೆಯುವುದರಿಂದ ಆ ಕೊರತೆ ಇನ್ನಷ್ಟು ಹಿರಿದಾಗಿದೆ. ಜಿಲ್ಲಾ ಕೇಂದ್ರ ಕಾರವಾರಕ್ಕೋ ಘಟ್ಟ ಇಳಿದು ಹೋಗಬೇಕು.

ಈ ಜಿಲ್ಲೆಗೆ ಒಂದು ಕಹಿ ಅನುಭವವೂ ಇದೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ಊರಿನಿಂದ ದೂರ ಒಯ್ದು ತರಬೇತಿ ಕೊಟ್ಟಿತು. 1993ರ ಹೊತ್ತಿಗೆ ಯೋಜನೆ ನಿಂತಿತು. ಕೆಲವರಿಗೆ ನೌಕರಿ ಸಿಕ್ಕಿತು, ಹಲವರು ಊರಿಗೆ ಮರಳಿದರು. ಮರಳಿದವರ ಕೈಯಲ್ಲಿದ್ದ ಕಲಿಕೆಯನ್ನು ಊರಿನ ಮುಂದಿನ ಪೀಳಿಗೆಗೆ ದಾಟಿಸುವ ವ್ಯವಸ್ಥೆ ಇರಲಿಲ್ಲ. ಬಂಡವಾಳ ಹೂಡಿ, ಬಡ್ಡಿ ಬರುವ ಮೊದಲೇ ಖಾತೆ ಮುಚ್ಚಿದಂತೆ. ಈಚಿನ ವರ್ಷಗಳಲ್ಲಿ ಮುಂಡಗೋಡ ಕಡೆ ಸರ್ಕಾರೇತರ ಸಂಸ್ಥೆಯೊಂದು ಈ ಕೆಲಸಕ್ಕೆ ಕೈಹಾಕಿದೆ ಎಂಬುದು ಸಮಾಧಾನ.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಗುತ್ತಿಗೆ ತರಬೇತುದಾರರ ನೇಮಕದ ಪ್ರಸ್ತಾವವೊಂದು ನನ್ನ ಮೇಜಿಗೆ ಬಂದಾಗ ‘ಆವರ್ತಕ ವೆಚ್ಚ, ಸದ್ಯಕ್ಕೆ ಸಾಧುವಲ್ಲ’ ಎಂದು ಬರೆದು ಕಡತ ಹಿಂದಿರುಗಿಸಿದ್ದೆ. ಅದೇ ವರ್ಷ ಸನ್ಮಾನ ಸಮಾರಂಭದ ವೆಚ್ಚಕ್ಕೆ ಒಂದೇ ದಿನದಲ್ಲಿ ಸಹಿ ಹಾಕಿದ್ದೆ; ಅದು ‘ಒಂದು ಬಾರಿಯ ವೆಚ್ಚ’ ತಾನೆ! ಕಲಿಸುವವನ ಸಂಬಳ ಹೊರೆಯೆಂದೂ ಗೆದ್ದವನ ಹಾರ ಹೆಮ್ಮೆಯೆಂದೂ ಲೆಕ್ಕ ಬರೆಯುವ ರೂಢಿ ನನ್ನೊಬ್ಬನದಾಗಿರಲಿಲ್ಲ.

ಮಾಜಿ ಆಟಗಾರರನ್ನೇ ತರಬೇತುದಾರರನ್ನಾಗಿಸುವ ‘ಖೇಲೋ ಇಂಡಿಯಾ’ ಕೇಂದ್ರಗಳ ಯೋಜನೆ 2020ರಲ್ಲಿ ರೂಪುಗೊಂಡಿತು. ದಿಕ್ಕು ಸರಿ ಇದೆ. ಅದನ್ನು ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಗಡಿಯ ಹೋಬಳಿಗೆ ಒಯ್ಯಬೇಕು. ಆಟ ಬಿಟ್ಟವರಿಗೆ ಕಲಿಸುವ ಶಾಸ್ತ್ರವನ್ನು ಮೊದಲು ಕಲಿಸಿ, ಬಳಿಕ ಕನಿಷ್ಠ ಐದು ವರ್ಷದ ಭರವಸೆಯೊಡನೆ ನೇಮಿಸಬೇಕು. ಹೆಣ್ಣುಮಕ್ಕಳಿರುವ ಕಡೆ ಮಾಜಿ ಆಟಗಾರ್ತಿಯರಿಗೆ ಆದ್ಯತೆ ಇರಬೇಕು. ಮುಂದಿನ ಆಯವ್ಯಯದಲ್ಲಿ ಬಹುಮಾನದ ಮೊತ್ತದಷ್ಟನ್ನೇ ತರಬೇತುದಾರರ ವೇತನಕ್ಕೂ ಮೀಸಲಿಟ್ಟರೆ ಅದೇ ಒಳ್ಳೆಯ ಆರಂಭ.

ಅನಮೋಡದ ಆ ಮಕ್ಕಳು ಈಗ ದೊಡ್ಡವರಾಗಿರುತ್ತಾರೆ. ಅವರ ಮಕ್ಕಳೂ ಕೋಲಿನಿಂದ ಗೆರೆ ಎಳೆಯುತ್ತಿರಬಹುದು. ಈ ಬಾರಿಯಾದರೂ ಗೆರೆಯ ಪಕ್ಕದಲ್ಲಿ ಒಬ್ಬರು ನಿಂತಿರಲಿ.