ಪಟ್ಟಿ ಹಿಡಿದ ಸೋಮಾರಿತನ

ಪೆಟ್ರೋಲ್ ಟ್ಯಾಂಕರ್‌ಗಳ ಹಿಂದೆ ದಪ್ಪಕ್ಷರದಲ್ಲಿ 'ಹೈಲಿ ಇನ್‌ಫ್ಲೇಮಬಲ್' ಎಂದು ಬರೆದಿರುತ್ತದೆ. ಇಂಗ್ಲಿಷ್ ಪದಪಟ್ಟಿಗಳನ್ನು ಉರುಹೊಡೆದು ಎದೆಯುಬ್ಬಿಸಿಕೊಂಡು ಓಡಾಡುವ ಹುಡುಗನನ್ನು ನಿಲ್ಲಿಸಿ ಅದರ ಅರ್ಥ ಕೇಳಿ. 'ಇನ್' ಅಂದರೆ ಇಲ್ಲ, 'ಫ್ಲೇಮ್' ಅಂದರೆ ಜ್ವಾಲೆ, ಹಾಗಾಗಿ ಬೆಂಕಿ ಹತ್ತದ್ದು ಎಂದು ತಡವರಿಸದೆ ಹೇಳುವವರು ಬೇಕಾದಷ್ಟಿದ್ದಾರೆ. ಟ್ಯಾಂಕರಿನೊಳಗೆ ಇರುವುದು ಪೆಟ್ರೋಲ್ ತಾನೇ ಎಂಬ ಯೋಚನೆಯೂ ಸುಳಿಯುವುದಿಲ್ಲ. 'ಇನ್' ಅಂದರೆ ಇಲ್ಲ ಎಂದು ಪಟ್ಟಿಯಲ್ಲಿತ್ತು, ಮುಗಿಯಿತು. ಆ 'ಇನ್' ಲ್ಯಾಟಿನ್ನಿನಿಂದ ಬಂದದ್ದು, ಒಳಗೆ ಎಂಬರ್ಥದ್ದು. ಉರಿ ಹೊತ್ತಿಸು ಎಂಬ ಕ್ರಿಯಾಪದದ ಭಾಗ. ಬೇಗ ಹೊತ್ತಿಕೊಳ್ಳುತ್ತದೆ, ದೂರವಿರಿ ಎಂಬ ಎಚ್ಚರಿಕೆಯನ್ನು ಈತ ಅಭಯವೆಂದು ಓದಿಕೊಂಡ.

ಧಾರವಾಡದ ಸಪ್ತಾಪುರಕ್ಕೆ ಹೋಗಿ, ಬೆಂಗಳೂರಿನ ವಿಜಯನಗರಕ್ಕೆ ಹೋಗಿ, ಸ್ಪರ್ಧಾತ್ಮಕ ಪರೀಕ್ಷೆಯ ಆಸೆ ಹೊತ್ತವರ ಕೈಯಲ್ಲಿ ಇಂಥ ಜೆರಾಕ್ಸ್ ಹಾಳೆಗಳು ಸಿಗುತ್ತವೆ. ಒಂದೇ ಅಕ್ಷರದಿಂದ ಶುರುವಾಗುವ ನೂರು ಪದ, 'ಫೋಬಿಯಾ'ದಲ್ಲಿ ಮುಗಿಯುವ ಐವತ್ತು ಪದ, ಪಕ್ಕದಲ್ಲಿ ಒಂದೊಂದೇ ಕನ್ನಡ ಪದ. ಎಲ್ಲರೂ 'ಎ' ಅಕ್ಷರದಿಂದ ಹೊರಡುತ್ತಾರೆ. ಎಂ ದಾಟುವವರು ವಿರಳ. ಮುಂದಿನ ತಿಂಗಳು ಹೊಸ ಹುರುಪು, ಮತ್ತೆ ಅದೇ 'ಅಬೇಟ್', ಅದೇ 'ಅಬ್‌ಡಿಕೇಟ್'. ಇದಕ್ಕೆ ಓದು ಎಂದು ಹೆಸರು. ನನ್ನ ಮಟ್ಟಿಗೆ ಇದು ಬೆವರು ಸುರಿಸುವ ಸೋಮಾರಿತನ.

'ಅಬೇಟ್: ಕಡಿಮೆಯಾಗು' ಎಂದಷ್ಟೇ ಬರೆಸಿ ಮುಂದಿನ ಪದಕ್ಕೆ ಹಾರುವ ಮೇಷ್ಟರಿಗೂ ಈ ಮಾತು ಸಲ್ಲುತ್ತದೆ. ಶಿಷ್ಯ ಮನೆಗೆ ಹೋಗಿ ಟೊಮೇಟೊ ಬೆಲೆ 'ಅಬೇಟ್' ಆಯಿತು ಎಂದು ವಾಕ್ಯ ಮಾಡುತ್ತಾನೆ. ಬಿರುಗಾಳಿ, ಜ್ವರ, ಸಿಟ್ಟು, ಇಂಥ ಆರ್ಭಟ ಇಳಿಯುವುದಕ್ಕೆ ಆ ಪದ ಎಂದು ಹೇಳಲು ಒಂದು ನಿಮಿಷ ಸಾಕಿತ್ತು. ಆ ನಿಮಿಷ ಇಲ್ಲ, ಏಕೆಂದರೆ ಈ ದಿನ ನೂರು ಪದ ಮುಗಿಸಬೇಕು!

ಹಣ, ಹಣೆ, ಹಣತೆ, ಹಣ್ಣು ಒಂದೇ ಮನೆಯವೆಂದು ಯಾವ ಕನ್ನಡದ ಮಗುವೂ ನಂಬುವುದಿಲ್ಲ. ಇಂಗ್ಲಿಷಿನ ಮುಂದೆ ನಿಂತಕೂಡಲೇ ಆ ವಿವೇಕ ಎಲ್ಲಿಗೆ ಹೋಗುತ್ತದೆ? 'ಪೆಡೆಸ್ಟ್ರಿಯನ್'ನಲ್ಲಿರುವ 'ಪೆಡ್' ಲ್ಯಾಟಿನ್ನಿನ ಪಾದ. 'ಪೀಡಿಯಾಟ್ರಿಕ್ಸ್'ನಲ್ಲಿರುವ ಅದೇ ಮೂರಕ್ಷರ ಗ್ರೀಕಿನ ಮಗು. 'ಎಕ್ಸೀಡ್', 'ಪ್ರೊಸೀಡ್', 'ಸಕ್ಸೀಡ್' ಮೂರೇ 'ಸಿ-ಇ-ಇ-ಡಿ'ಯಲ್ಲಿ ಮುಗಿಯುತ್ತವೆ. 'ಪ್ರಿಸೀಡ್', 'ರಿಸೀಡ್' ಮುಂತಾದವು 'ಸಿ-ಇ-ಡಿ-ಇ'. 'ಸೂಪರ್‌ಸೀಡ್' ಒಂದಕ್ಕೆ ಮಾತ್ರ 'ಎಸ್', ಯಾಕೆಂದರೆ ಅದರ ಮೂಲ ಉಳಿದವುಗಳಂತೆ ನಡೆಯುವುದಲ್ಲ, ಕೂರುವುದು. ಸರ್ಕಾರ ಪಾಲಿಕೆಯನ್ನು ಸೂಪರ್‌ಸೀಡ್ ಮಾಡಿತು ಎಂದು ನಮ್ಮ ಪತ್ರಿಕೆಗಳಲ್ಲೇ ಬರುತ್ತದೆ: ಮೇಲೆ ಹತ್ತಿ ಕೂತಿತು ಎಂದೇ ಅದರ ಬೇರು.

'ಪ್ರಿಸ್ಕ್ರೈಬ್', 'ಪ್ರೊಸ್ಕ್ರೈಬ್' ಜೋಡಿ ನೋಡಿ. ಎರಡರಲ್ಲೂ 'ಸ್ಕ್ರೈಬ್', ಅಂದರೆ ಬರೆ. ಮೊದಲನೆಯದು ವೈದ್ಯರು ಔಷಧಿ ಬರೆದುಕೊಡುವುದು, ಎರಡನೆಯದು ನಿಷೇಧಿಸುವುದು. ಬರೆಯುವುದಕ್ಕೂ ನಿಷೇಧಕ್ಕೂ ಎಲ್ಲಿಯ ನಂಟು? ಕ್ರಿ.ಪೂ. 82ರಲ್ಲಿ ರೋಮಿನ ಸೇನಾನಿ ಸುಲ್ಲ ತನ್ನ ವೈರಿಗಳ ಹೆಸರು ಬರೆಸಿ ಊರ ನಡುವಿನ ಫೋರಂನಲ್ಲಿ ಎಲ್ಲರ ಕಣ್ಣೆದುರು ಹಾಕಿಸಿದ. ಹೆಸರು ಬಂದವನನ್ನು ಯಾರು ಬೇಕಾದರೂ ಕೊಲ್ಲಬಹುದು, ಕೊಂದವನಿಗೆ ಬಹುಮಾನ, ಸತ್ತವನ ಆಸ್ತಿ ಮುಟ್ಟುಗೋಲು. ಮುಂದುಗಡೆ ಬರೆದು ಹಾಕುವುದೇ 'ಪ್ರೊಸ್ಕ್ರೈಬ್'. ಇಷ್ಟು ಕೇಳಿದವನು ಈ ಜನ್ಮದಲ್ಲಿ ಎರಡನ್ನೂ ಕಲಸುವುದಿಲ್ಲ. ಪಟ್ಟಿಯಲ್ಲಿ ಒಂದರ ಕೆಳಗೊಂದು ಓದಿದವನು ಪರೀಕ್ಷೆಯ ದಿನ ಕಲಸಿಯೇ ಕಲಸುತ್ತಾನೆ. ಒಂದೇ ಮುಖದ ಇಬ್ಬರನ್ನು ಒಂದೇ ದಿನ ಪರಿಚಯ ಮಾಡಿಕೊಟ್ಟರೆ ಇನ್ನೇನಾಗುತ್ತದೆ?

ಪರೀಕ್ಷೆ ನಡೆಸುವವರೂ ಈ ಚಾಳಿಯನ್ನು ಎಂದೋ ಅರಿತಿದ್ದಾರೆ. ಬರೀ ಪದಪಟ್ಟಿಯಿಂದ ದಾಟಬಹುದಾಗಿದ್ದ ವಿರುದ್ಧಾರ್ಥಕ ಪದಗಳ ಪ್ರಶ್ನೆಯನ್ನು ವಿದೇಶಿ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಜಿಆರ್‌ಇ 2011ರಲ್ಲೇ ಕಿತ್ತುಹಾಕಿತು. ಅಕ್ಷರ ಜೋಡಣೆಯ ಪಂದ್ಯವೇ ಆಗಿದ್ದ ಅಮೆರಿಕದ ಸ್ಪೆಲ್ಲಿಂಗ್ ಬೀ ಕೂಡ 2013ರಿಂದ ಅರ್ಥದ ಪ್ರಶ್ನೆಗಳನ್ನು ಸೇರಿಸಿತು. ಅಲ್ಲಿ ಗೆಲ್ಲುವ ಭಾರತೀಯ ಮೂಲದ ಮಕ್ಕಳ ಫೋಟೊ ಹಂಚಿಕೊಂಡು ಹಿಗ್ಗುತ್ತೇವಲ್ಲ, ಆ ಮಕ್ಕಳು ವೇದಿಕೆಯ ಮೇಲೆ ಕೇಳುವುದೇನು? ಈ ಪದ ಯಾವ ಭಾಷೆಯಿಂದ ಬಂತು, ಅರ್ಥವೇನು, ಒಂದು ವಾಕ್ಯದಲ್ಲಿ ಬಳಸಿ ಹೇಳಿ. ನಮ್ಮಲ್ಲಿ ಹೀಗೆ ಕೇಳಿದ ಮಗುವಿಗೆ ಸಿಗುವ ಉತ್ತರ, ಅದೆಲ್ಲ ಪರೀಕ್ಷೆಗೆ ಬರೋದಿಲ್ಲ, ಕೂತ್ಕೋ.

ಬೇರು ಹಿಡಿದು ಕಲಿಯುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಬೇರಿನವರೆಗೆ ಹೋಗದೆ ಅಕ್ಷರದ ಹೋಲಿಕೆಯಲ್ಲೇ ತೃಪ್ತಿಪಡುವುದು ತಪ್ಪು. ಆ ಹಾಳೆಗಳನ್ನು ರದ್ದಿಗೆ ಹಾಕಿ. ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಪೂರ್ತಿ ಓದಿ, ತಡೆದ ಐದು ಪದಗಳನ್ನು ನಿಘಂಟಿನಲ್ಲಿ ಹುಡುಕಿ, ಪ್ರತಿಯೊಂದಕ್ಕೂ ಸ್ವಂತ ವಾಕ್ಯ ಬರೆದು ಬಲ್ಲವರಿಗೆ ತೋರಿಸಿ. ಬೇಜಾರಿನ ಕೆಲಸ, ನಿಜ. ಆದರೆ ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ 300 ಅಂಕಗಳ ಇಂಗ್ಲಿಷ್ ಪತ್ರಿಕೆಯಲ್ಲಿ ಪ್ರಬಂಧ ಬರೆಯಬೇಕು, ಸಾರಾಂಶ ಬರೆಯಬೇಕು. ಅಲ್ಲಿ 75 ಬಾರದಿದ್ದರೆ ನಿಮ್ಮ ಉಳಿದ ಉತ್ತರ ಪತ್ರಿಕೆಗಳ ಅಂಕಗಳನ್ನು ಅವರು ಪರಿಗಣಿಸುವುದೇ ಇಲ್ಲ.