ಅಜ್ಜನ ರೈಫಲ್‌ಗೆ ದೊಡ್ಡ ಸ್ಕೋಪ್ ಬೇಡ ಗುರು

ಭಾಗ 1

ಕೈಲ್ ಪೊಳ್ದ್ ಸ್ಟೋರಿ ಹಾಕಿದ ಮೇಲೆ ಡಿಎಂ ತುಂಬಾ ಒಂದೇ ಮಾತು: "ಅಜ್ಜನ ರೈಫಲ್‌ಗೆ 6-24 ಸ್ಕೋಪ್ ಹಾಕ್ಸೋ, ಸಖತ್ ಕಾಣತ್ತೆ." ಸಖತ್ ಕಾಣತ್ತೆ, ಒಪ್ಕೋತೀನಿ. ಆದ್ರೆ ನನ್ನ ಅಭಿಪ್ರಾಯ ಬೇರೆ. ಹಳೇ ಬೋಲ್ಟ್ ಆ್ಯಕ್ಷನ್ ರೈಫಲ್‌ಗೆ 4 ಪಟ್ಟು ಹತ್ತಿರ ತೋರಿಸೋ ಸಾದಾ ಸ್ಕೋಪ್ ಸಾಕು. ಅದಕ್ಕೋಸ್ಕರ ರೈಫಲ್‌ಗೆ ಹೊಸ ತೂತು ಕೊರೆಯೋದಂತೂ ಬೇಡವೇ ಬೇಡ.

ಕೊಡಗಿನವರಲ್ಲದ ಕ್ಲಾಸ್‌ಮೇಟ್ಸ್‌ಗೆ ಸ್ವಲ್ಪ ಹಿನ್ನೆಲೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕು ಲೈಸೆನ್ಸ್‌ನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರಿಸ್ತು, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡೀತು. ಹಾಗಂತ ಯಾರೂ ಕಾಡಿಗೆ ಹೋಗಿ ಹೊಡ್ಕೊಂಡು ಬರಲ್ಲ. ಬೇಟೆ 1972ರ ವನ್ಯಜೀವಿ ಕಾಯ್ದೆಗೇ ಮುಗಿದ ಕತೆ. "ಬೇಟೆ ರೈಫಲ್" ಅನ್ನೋದು ಈಗ ಬರೀ ಹೆಸರು. ಹಬ್ಬಕ್ಕೆ ನಳಿಗೆ ತುದಿಗೆ ತೋಕ್ ಪೂ ಸಿಕ್ಕಿಸಿ ಪೂಜೆ, ಪುತ್ತರಿಗೆ ಕದಿರು ಕೊಯ್ಯುವಾಗ ಒಂದು ಗುಂಡು, ಇಷ್ಟೇ. ಗುರಿ ಅಭ್ಯಾಸ ಮಾಡ್ಬೇಕು ಅಂದ್ರೆ ರೇಂಜ್ ಇದೆ.

ನಮ್ಮನೇಲಿರೋದು ಪಾಯಿಂಟ್ 315. ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಫ್ಯಾಕ್ಟರಿದು. ಒಳಗಿರೋದು ಬ್ರಿಟಿಷರ ಲೀ-ಎನ್‌ಫೀಲ್ಡ್ ಮೆಕ್ಯಾನಿಸಂ. 303 ಸೈನ್ಯದ ಗುಂಡು, ಅದು ಸಾಮಾನ್ಯ ಜನರ ಕೈಗೆ ಹೋಗ್ಬಾರದು ಅಂತ ಅದೇ ಆ್ಯಕ್ಷನ್‌ಗೆ ಬೇರೆ ಗುಂಡು ಹೊಂದಿಸಿದ್ರು. ಸ್ಕೋಪ್ ಕೂರಿಸೋಕೆ ಅದರಲ್ಲಿ ಜಾಗಾನೇ ಬಿಟ್ಟಿಲ್ಲ. ಅಲ್ಲಿಂದಲೇ ತಲೆನೋವು ಶುರು.

ಭಾಗ 2

ಮೊದಲು ಸ್ಕೋಪ್ ಯಾಕೆ ಅಂತ ಕೇಳ್ಕೊಳ್ಳಿ. ಎಲ್ಲರೂ ಜೂಮ್ ಅಂತಾರೆ. ಹಳೇ ಕಣ್ಣಿಗೆ ಉತ್ತರ ಬೇರೆ. ಓಪನ್ ಸೈಟ್‌ನಲ್ಲಿ ಹಿಂದಿನ ಕಚ್ಚು, ಮುಂದಿನ ಮೊನೆ, ದೂರದ ಗುರಿ, ಮೂರನ್ನೂ ಒಟ್ಟಿಗೆ ನೋಡ್ಬೇಕು. ವಯಸ್ಸಾದ ಮೇಲೆ ಕಣ್ಣಿಗೆ ಅಷ್ಟು ಬೇಗ ಫೋಕಸ್ ಬದಲಾಯಿಸೋಕಾಗಲ್ಲ. ಅಜ್ಜ ಎರಡು ವರ್ಷದಿಂದ ರೇಂಜ್‌ಗೆ ಬರ್ತಿಲ್ಲ. "ಮುಂದಿನ ಮೊನೆ ಮಂಜು" ಅಂತಾರೆ, ಅಷ್ಟೇ ಹೇಳಿ ಸುಮ್ಮನಾಗ್ತಾರೆ. ಸ್ಕೋಪ್ ಮಾಡೋ ದೊಡ್ಡ ಉಪಕಾರ ಅಂದ್ರೆ ಗುರಿ ಮತ್ತೆ ಅಡ್ಡಗೆರೆ ಎರಡನ್ನೂ ಒಂದೇ ಫೋಕಸ್‌ನಲ್ಲಿ ತಂದುಕೊಡೋದು. ಅದಕ್ಕೆ 24 ಪಟ್ಟು ಬೇಕಾಗಿಲ್ಲ. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಸ್ನೈಪರ್‌ಗಳು ಮೊಸಿನ್ ರೈಫಲ್ ಮೇಲೆ ಇಟ್ಕೊಂಡಿದ್ದ ಪಿಯು ಸ್ಕೋಪ್ 3.5 ಪಟ್ಟಿನದ್ದು, ಅವರು ಹೊಡೀತಿದ್ದದ್ದು ನೂರಾರು ಮೀಟರ್ ದೂರಕ್ಕೆ. ನೀವು ಹೊಡೆಯೋದು 50 ಮೀಟರ್‌ನ ಪೇಪರ್‌ಗೆ.

ಈಗ ಒಂದು ಲೆಕ್ಕ, ಅಕೌಂಟ್ಸ್‌ಗಿಂತ ಸುಲಭ. ಮುಂದಿನ ಗಾಜಿನ ವ್ಯಾಸವನ್ನ ಪಟ್ಟಿನಿಂದ ಭಾಗಿಸಿ. 4 ಪಟ್ಟು, 32 ಮಿ.ಮೀ. ಗಾಜು: ಕಣ್ಣಿಗೆ ಬರೋ ಬೆಳಕಿನ ಬಿಲ್ಲೆ 8 ಮಿ.ಮೀ. ಅಗಲ. 24 ಪಟ್ಟು, 50 ಮಿ.ಮೀ. ಗಾಜು: 2 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ಮೊದಲನೇದರಲ್ಲಿ ತಲೆ ಸ್ವಲ್ಪ ಅತ್ತಿತ್ತ ಆದ್ರೂ ಚಿತ್ರ ಇರತ್ತೆ. ಎರಡನೇದರಲ್ಲಿ ಕಣ್ಣು ಕೂದಲೆಳೆಯಷ್ಟು ಸರಿದ್ರೆ ಕಪ್ಪು. ಮಡಿಕೇರಿ ಮಂಜಿನ ಬೆಳಗಲ್ಲಿ ಯಾವುದು ಬೇಕು, ನೀವೇ ಹೇಳಿ. (30 ಮಿ.ಮೀ. ಟ್ಯೂಬ್ ಇದ್ರೆ ಬೆಳಕು ಜಾಸ್ತಿ ಅನ್ನೋ ರೀಲ್ಸ್ ನಂಬ್ಬೇಡಿ. ಟ್ಯೂಬ್ ದಪ್ಪ ಇದ್ರೆ ಮುಖ್ಯವಾಗಿ ಸಿಗೋದು ಅಡ್ಜಸ್ಟ್ ಮಾಡೋಕೆ ಹೆಚ್ಚು ಜಾಗ.)

ಇನ್ನೊಂದು ವಿಷಯ ಕೆನ್ನೆ. ಹಳೇ ರೈಫಲ್‌ನ ಮರದ ಹಿಡಿ ಓಪನ್ ಸೈಟ್‌ಗೆ ಅಂತ ಮಾಡಿದ್ದು, ಹಿಂದೆ ತಗ್ಗಿರತ್ತೆ. 50 ಮಿ.ಮೀ. ಗಾಜಿದ್ರೆ ಸ್ಕೋಪ್ ಎತ್ತರಕ್ಕೆ ಕೂರತ್ತೆ, ನೀವು ಕೆನ್ನೆ ಎತ್ತಿ ಕತ್ತು ಚಾಚಿ ನೋಡ್ಬೇಕು. ಕೆನ್ನೆ ಊರದೆ ಹೊಡೆದ್ರೆ ಪ್ರತೀ ಸಲ ಕಣ್ಣು ಬೇರೆ ಕಡೆ, ಗುಂಡೂ ಬೇರೆ ಕಡೆ. ಚಿಕ್ಕ ಗಾಜು ಕೆಳಗೆ ಕೂರತ್ತೆ. ಅದೂ ಎತ್ತರ ಅನ್ಸಿದ್ರೆ ಹಿಡಿಗೆ ಕಟ್ಟೋ ಚರ್ಮದ ದಿಂಬು ಸಾಕು. ಕಣ್ಣಿಗೂ ಸ್ಕೋಪ್‌ಗೂ ಮೂರೂವರೆ ಇಂಚಾದ್ರೂ ಅಂತರ ಇರೋದೇ ತಗೊಳ್ಳಿ, ಇಲ್ಲಾಂದ್ರೆ ಒದೆತಕ್ಕೆ ಹುಬ್ಬಿನ ಮೇಲೆ ಅರ್ಧಚಂದ್ರ ಗ್ಯಾರಂಟಿ.

ಭಾಗ 3

ಈಗ ನಮ್ಮನೆ ಜಗಳ. ದೊಡ್ಡಪ್ಪನ ಮಗ, ನಮ್ಮಣ್ಣ, ಆಗಲೇ ಒಂದು ಲೇತ್ ಅಂಗಡಿಯಲ್ಲಿ ವಿಚಾರಿಸಿ ಬಂದಿದ್ದಾನೆ. ನಾಲ್ಕು ತೂತು ಕೊರೆದು ಬೇಸ್ ಕೂರಿಸಿಬಿಡೋಣ, ಸುಮ್ನೆ ಬೀರುವಲ್ಲಿ ಬಿದ್ದಿದ್ಯಲ್ಲ ಅಂತಾನೆ. ಮೊದಲನೇದು, ಬಂದೂಕು ರಿಪೇರಿ ಮಾಡೋಕೂ ಲೈಸೆನ್ಸ್ ಬೇಕು, 1959ರ ಆರ್ಮ್ಸ್ ಆಕ್ಟ್ ಸೆಕ್ಷನ್ 5 ಓದ್ಕೊಳ್ಳಿ. ಲೇತ್ ಅಂಗಡಿ ಅದಕ್ಕೆ ಜಾಗ ಅಲ್ಲ. ಎರಡನೇದು, ಕೊರೆಯೋದು ಗುಂಡಿನ ಒತ್ತಡ ತಡೆಯೋ ಉಕ್ಕನ್ನ. ಗೊತ್ತಿಲ್ಲದ ಕೈ, ಗೊತ್ತಿಲ್ಲದ ಆಳ. ಮೂರನೇದು ಬಿಕಾಂ ಭಾಷೆಯಲ್ಲಿ: ಸ್ಕೋಪ್‌ಗೆ ಡಿಪ್ರಿಸಿಯೇಷನ್ ಹಾಕ್ಬೋದು, ತೂತಿಗೆ ರಿವರ್ಸ್ ಎಂಟ್ರಿ ಇಲ್ಲ. ಅಮೆರಿಕದಲ್ಲಿ 1964ಕ್ಕೆ ಮುಂಚಿನ ವಿಂಚೆಸ್ಟರ್ ಮಾಡೆಲ್ 70 ಹುಡುಕೋರು ಮೊದಲು ನೋಡೋದ್ರಲ್ಲಿ ಒಂದು, ಆಮೇಲೆ ಯಾರಾದ್ರೂ ತೂತು ಕೊರೆದಿದ್ದಾರಾ ಅಂತ. ಕೊರೆದಿದ್ರೆ ಬೆಲೆ ಬೀಳತ್ತೆ.

ಕೊರೆಯದೆ ಹಾಕೋ ದಾರಿನೂ ಇದೆ. ಹಳೇ ರೈಫಲ್‌ಗಳಲ್ಲಿ ಹಿಂದಿನ ಸೈಟ್ ಬಿಚ್ಚಿ ಅದೇ ಜಾಗಕ್ಕೆ ಕೂರೋ ಮೌಂಟ್‌ಗಳಿವೆ, ಬೇಡ ಅಂದ್ರೆ ಮತ್ತೆ ಬಿಚ್ಚಿ ಹಳೇದು ಹಾಕ್ಬೋದು. ನಿಮ್ಮ ಮಾಡೆಲ್‌ಗೆ ಹೊಂದತ್ತಾ ಅಂತ ಲೈಸೆನ್ಸ್ ಇರೋ ಗನ್ ಶಾಪ್‌ಗೆ ರೈಫಲ್ ತೋರಿಸಿಯೇ ಕೇಳಿ, ಆನ್‌ಲೈನ್ ಫೋಟೋ ನೋಡಿ ಆರ್ಡರ್ ಹಾಕ್ಬೇಡಿ. ಬಜೆಟ್‌ನಲ್ಲಿ ಒಳ್ಳೇ ಪಾಲು ಮೌಂಟ್‌ಗೂ ರಿಂಗ್‌ಗೂ ಇಡಿ. ಅಲ್ಲಾಡೋ ರಿಂಗ್ ಮೇಲೆ ಎಂಥಾ ದುಬಾರಿ ಗಾಜು ಇಟ್ರೂ ದಂಡ. ಮೌಂಟ್ ಸಿಗ್ಲೇ ಇಲ್ವಾ? ಸಣ್ಣ ರಂಧ್ರದ ಪೀಪ್ ಸೈಟ್ ನೋಡಿ. ರಂಧ್ರದಲ್ಲಿ ನೋಡಿದಾಗ ಮಂಜು ಮೊನೆನೂ ಚುರುಕಾಗತ್ತೆ, ವಯಸ್ಸಾದ ಕಣ್ಣಿಗೆ ಎಷ್ಟೋ ಆರಾಮ.

24 ಪಟ್ಟಿನದು ಯಾರಿಗೂ ಬೇಡ ಅಂತಿಲ್ಲ. ಬೆಂಚ್ ಮೇಲೆ ರೈಫಲ್ ಊರಿ ಒಂದೇ ತೂತಲ್ಲಿ ಐದು ಗುಂಡು ಹೊಡೆಯೋ ಆಟದವರಿಗೆ ಅದೇ ಸರಿ. ತೆಂಗಿನಕಾಯಿ ಸ್ಪರ್ಧೆಗೆ 22ರ ಮೇಲೆ ಹಾಕೋರು ಮೊದಲು ಸ್ಕೋಪ್ ಬಿಡ್ತಾರಾ ಅಂತ ನಿಯಮ ಕೇಳಿ. ಬಿಟ್ರೆ ರಿಮ್‌ಫೈರ್ ಸ್ಕೋಪನ್ನೇ ತಗೊಳ್ಳಿ. ಅದನ್ನ ಸಾಮಾನ್ಯವಾಗಿ 50 ಗಜಕ್ಕೆ ಹೊಂದಿಸಿರ್ತಾರೆ, ದೊಡ್ಡ ರೈಫಲ್‌ದು 100 ಗಜ ಅಥವಾ ಅದಕ್ಕೂ ಮೇಲೆ.

ಅಣ್ಣನಿಗೆ ಇದನ್ನೆಲ್ಲ ಹೇಳಿದೆ. "ನಿಂಗೆ ಏನ್ ಗೊತ್ತು, ಲೆಡ್ಜರ್ ಬರಿ ಹೋಗು" ಅಂದ. ಇರ್ಲಿ. ಆದ್ರೆ ರೈಫಲ್ ಅಜ್ಜಂದು, ಮಂಜಾಗಿರೋದು ಅಜ್ಜನ ಕಣ್ಣು, ಈ ಎರಡು ತಿಂಗಳಲ್ಲಿ ಅಜ್ಜನ ಹತ್ರ ಯಾರೂ ಒಂದು ಮಾತು ಕೇಳಿಲ್ಲ. ಈ ಭಾನುವಾರ ಮನೆಗೆ ಹೋಗ್ತಿದ್ದೀನಿ, ಕ್ಲಬ್‌ನಲ್ಲಿ ಒಬ್ಬರ 4 ಪಟ್ಟಿನ ಸ್ಕೋಪ್ ಇದೆ, ಅಜ್ಜನ ಕರ್ಕೊಂಡ್ ಹೋಗಿ ಅದರಲ್ಲಿ ಒಂದು ಸಲ ನೋಡಿಸ್ತೀನಿ. ಅವರು ಏನಂತಾರೋ ಭಾಗ 4ರಲ್ಲಿ ಹಾಕ್ತೀನಿ.